ಮೆಲ್ಟ್ ಅಂಡ್ ಪೋರ್: ಸಕ್ಕರೆ ಅಚ್ಚಿನಂಥ ಸೋಪು

ಸಂಕ್ರಾಂತಿಗೆ ಮನೆಯಲ್ಲಿ ಸಕ್ಕರೆ ಅಚ್ಚು ಹೊಯ್ದವರಿಗೆ ಈ ಪದ ಅರ್ಧ ಗೊತ್ತಿದ್ದ ಹಾಗೆ. ಅಂಗಡಿಯಿಂದ ಸಕ್ಕರೆ ತರುತ್ತೇವೆ, ಪಾಕ ಮಾಡುತ್ತೇವೆ, ನೆನೆಸಿಟ್ಟ ಮರದ ಅಚ್ಚಿಗೆ ಹೊಯ್ಯುತ್ತೇವೆ. ಆನೆ, ಬಾಳೆಗೊನೆ, ತುಳಸಿಕಟ್ಟೆ ಹೊರಬರುತ್ತವೆ. ಕೈಚಳಕವೆಲ್ಲ ನಮ್ಮದು, ಸಕ್ಕರೆ ಮಾತ್ರ ಕಾರ್ಖಾನೆಯದು. ಮೆಲ್ಟ್ ಅಂಡ್ ಪೋರ್ ಸೋಪಿನ ಕಥೆಯೂ ಇದೇ. ಸೋಪ್ ಬೇಸ್ ಅನ್ನುವ ಗಟ್ಟಿಯನ್ನು ತಂದು, ಕರಗಿಸಿ, ಬಣ್ಣ ಪರಿಮಳ ಬೆರೆಸಿ, ಅಚ್ಚಿಗೆ ಹೊಯ್ಯುವುದು. ಹೆಸರಿನ ಅರ್ಥವೂ ಅಷ್ಟೇ: ಕರಗಿಸು, ಹೊಯ್ಯಿ. ಕನ್ನಡದ್ದೇ ಪದ ಬೇಕು ಅಂದರೆ ನಾನು ‘ಎರಕದ ಸೋಪು’ ಅನ್ನುತ್ತೇನೆ. ಗಂಟೆ, ವಿಗ್ರಹ ಎರಕ ಹೊಯ್ಯುವವರ ಮಾತು ಇಲ್ಲಿಗೂ ಒಪ್ಪುತ್ತದೆ. ಅಂಗಡಿಯಲ್ಲಿ ಮಾತ್ರ ಸೋಪ್ ಬೇಸ್ ಅಂತಲೇ ಕೇಳಿ.

ಈ ‘ಬೇಸ್’ ಅನ್ನುವ ಮಾತು ಸ್ವಲ್ಪ ದಾರಿ ತಪ್ಪಿಸುತ್ತದೆ. ಇನ್ನೂ ಏನೋ ಬೇಯಬೇಕು ಅನ್ನಿಸುತ್ತದೆ ಅಲ್ವಾ? ಅದು ಪೂರ್ತಿ ತಯಾರಾದ ಸೋಪೇ. ಎಣ್ಣೆ ಅಥವಾ ಕೊಬ್ಬಿಗೆ ಕಾಸ್ಟಿಕ್ ಸೋಡಾ ಸೇರಿ ಸೋಪು ಮತ್ತು ಗ್ಲಿಸರಿನ್ ಆಗುವ ಕೆಲಸ ಕಾರ್ಖಾನೆಯಲ್ಲೇ ಮುಗಿದಿರುತ್ತದೆ. ಒಂದು ತುಂಡು ಕತ್ತರಿಸಿಕೊಂಡು ಬಚ್ಚಲಿಗೆ ಹೋದರೂ ನೊರೆ ಬರುತ್ತದೆ.

ಎಣ್ಣೆಯಿಂದಲೇ ಶುರುಮಾಡಿ ಸೋಪು ಮಾಡುವವರೂ ಇದ್ದಾರೆ. ಅದು ಕೋಲ್ಡ್ ಪ್ರೊಸೆಸ್. ಆಲೆಮನೆಯಲ್ಲಿ ಕಬ್ಬಿನ ಹಾಲಿನಿಂದ ಬೆಲ್ಲ ತೆಗೆದ ಹಾಗೆ. ಅಲ್ಲಿ ಮೈ ಸುಡುವ ಕಾಸ್ಟಿಕ್ ಸೋಡಾವನ್ನು ಗ್ರಾಂ ಲೆಕ್ಕದಲ್ಲಿ ತೂಗಬೇಕು, ಕೈಗವಸು ಕನ್ನಡಕ ಬೇಕು, ಆಮೇಲೆ ನಾಲ್ಕರಿಂದ ಆರು ವಾರ ಒಣಗಲು ಬಿಡಬೇಕು. ಎರಕದ ಸೋಪಿಗೆ ಇದ್ಯಾವುದೂ ಬೇಡ. ಮೂರ್ನಾಲ್ಕು ಗಂಟೆಯಲ್ಲಿ ಅಚ್ಚಿನಿಂದ ಬಿಡಿಸಬಹುದು.

ಹಾಗಾದರೆ ಮನೆಯಲ್ಲಿರುವ ಮೈಸೋಪನ್ನೇ ತುರಿದು ಕರಗಿಸಿದರೆ ಆಗದೇ? ಆಗುವುದಿಲ್ಲ. ಅದು ನೀರಾಗದೆ ಮುದ್ದೆಯಾಗುತ್ತದೆ. ಸಾಮಾನ್ಯ ಮೈಸೋಪಿನಲ್ಲಿ ನೀರು ಕಡಿಮೆ. ಅದನ್ನು ರೋಲರುಗಳಲ್ಲಿ ಅರೆದು, ಒತ್ತಿ, ಮುದ್ರೆ ಹಾಕಿ ಮಾಡುತ್ತಾರೆ. ಬೇಸ್‌ನಲ್ಲಿ ಸೋಪಿನ ಜೊತೆ ಗ್ಲಿಸರಿನ್, ಪ್ರೊಪಿಲೀನ್ ಗ್ಲೈಕಾಲ್, ಸಾರ್ಬಿಟಾಲ್, ಕೆಲವೊಮ್ಮೆ ಸಕ್ಕರೆಯೂ ಇರುತ್ತದೆ. ಕಾಯಿಸಿದಾಗ ಸೋಪು ಇವುಗಳಲ್ಲಿ ಕರಗಿ ತಿಳಿಯಾಗುತ್ತದೆ. ಆರುವಾಗ ದೊಡ್ಡ ಹರಳು ಕಟ್ಟುವುದಕ್ಕೂ ಇವು ಬಿಡುವುದಿಲ್ಲ. ಬೆಳಕು ಹಾದುಹೋಗುವ ಗಾಜಿನಂಥ ಸೋಪು ಬರುವುದು ಇದರಿಂದಲೇ. ಇದು ಹೊಸ ವಿದ್ಯೆ ಅಲ್ಲ. ಲಂಡನ್ನಿನಲ್ಲಿ ಆಂಡ್ರ್ಯೂ ಪಿಯರ್ಸ್ 1807ರಲ್ಲೇ ಪಾರದರ್ಶಕ ಸೋಪು ಮಾರುತ್ತಿದ್ದರು. ಅಲ್ಲಿ ಸೋಪನ್ನು ಕರಗಿಸಲು ಆಲ್ಕೋಹಾಲ್ ಬಳಸುತ್ತಿದ್ದರು. ಹಾಲುಬಿಳಿ ಬೇಸ್‌ಗೆ ಟೈಟಾನಿಯಂ ಡೈಆಕ್ಸೈಡ್ ಹಾಕಿರುತ್ತಾರೆ, ಅಷ್ಟೇ ವ್ಯತ್ಯಾಸ.

ಮಾಡುವುದು ಸುಲಭ, ಕೆಡಿಸುವುದು ಇನ್ನೂ ಸುಲಭ. ಬೇಸನ್ನು ಸಣ್ಣ ತುಂಡು ಮಾಡಿ. ಕುದಿಯುವ ನೀರಿನ ಪಾತ್ರೆಯ ಮೇಲೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ. 60–70 ಡಿಗ್ರಿ ಸೆಲ್ಸಿಯಸ್ ಸಾಕು. ಜಾಸ್ತಿ ಕಾಯಿಸಿದರೆ ನೀರು ಆರಿ ಅಂಟಂಟಾಗುತ್ತದೆ, ಬಣ್ಣ ಹಳದಿಗೆ ತಿರುಗುತ್ತದೆ. ಜೋರಾಗಿ ಕಲಕಬೇಡಿ, ನೊರೆ ಏಳುತ್ತದೆ. ಪರಿಮಳದ ಎಣ್ಣೆ ನೂರು ಗ್ರಾಂಗೆ ಒಂದು ಗ್ರಾಂ, ಅಂದರೆ ಸುಮಾರು 20 ಹನಿ. ಮೇಲೆ ನಿಂತ ಗುಳ್ಳೆಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಅನ್ನುವ ಸ್ಪಿರಿಟ್ ಚಿಮುಕಿಸಿದರೆ ತಕ್ಷಣ ಒಡೆಯುತ್ತದೆ. ಹತ್ತಿರದಲ್ಲಿ ಬೆಂಕಿ ಇರಬಾರದು, ನೆನಪಿರಲಿ. ಎರಡು ಬಣ್ಣದ ಪದರ ಬೇಕಾದರೂ ಇದೇ ಉಪಾಯ. ಮೊದಲನೆಯದು ಕೆನೆಗಟ್ಟಿದ ಮೇಲೆ ಚಿಮುಕಿಸಿ, ಎರಡನೆಯದನ್ನು ಸ್ವಲ್ಪ ಆರಿಸಿ ಹೊಯ್ಯಿರಿ. ತೀರಾ ಬಿಸಿ ಹೊಯ್ದರೆ ಕೆಳಗಿನದೂ ಕರಗಿ ಬಣ್ಣ ಬೆರೆತುಹೋಗುತ್ತದೆ. ಕೆಳಗಿನದು ಪೂರ್ತಿ ತಣ್ಣಗಾಗಿದ್ದರೆ ಪದರಗಳು ಅಂಟದೆ, ಸ್ನಾನದ ನಡುವೆ ಸೋಪು ಎರಡು ಹೋಳು!

ಅಲಂಕಾರದಲ್ಲೇ ನಾನು ಹೆಚ್ಚು ಮೋಸ ಹೋಗಿದ್ದು. ಅಂಗಳದ ಗುಲಾಬಿ ಎಸಳನ್ನು ತಿಳಿ ಬೇಸ್‌ನಲ್ಲಿ ಹುದುಗಿಸಿದ್ದೆ. ಮೊದಲ ದಿನ ಕಣ್ಣು ತೆಗೆಯಲು ಮನಸ್ಸಾಗಲಿಲ್ಲ. ಎರಡೇ ವಾರಕ್ಕೆ ಎಸಳೆಲ್ಲ ಕಂದಿ, ನೆನೆಸಿಟ್ಟ ಚಹಾ ಸೊಪ್ಪಿನಂತೆ ಕಂಡಿತು. ಸೋಪಿನ ಕ್ಷಾರಕ್ಕೆ ಹೂವಿನ ಬಣ್ಣ ನಿಲ್ಲುವುದಿಲ್ಲ. ಚೆಂಡುಹೂವಿನಂಥ ಕ್ಯಾಲೆಂಡುಲಾ ಹೂವಿನ ಒಣಗಿದ ಎಸಳು ಮಾತ್ರ ಹಳದಿಯಾಗಿಯೇ ಉಳಿಯುತ್ತದೆ. ಹಸಿ ಹಾಲು, ಹಣ್ಣಿನ ತಿರುಳು ಹಾಕುವುದನ್ನಂತೂ ಬಿಟ್ಟುಬಿಡಿ, ಕೊಳೆಯುತ್ತದೆ. ಕಾಫಿ ಪುಡಿ ಒಳ್ಳೆಯದು. ಬೇಸ್ ಸ್ವಲ್ಪ ದಪ್ಪಗಾದ ಮೇಲೆ ಹಾಕಿ, ಇಲ್ಲವಾದರೆ ತಳ ಸೇರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟ ಒಣ ಹೀರೆಕಾಯಿಯ ನಾರು. ಬಿಲ್ಲೆ ಕತ್ತರಿಸಿ ಅಚ್ಚಿನಲ್ಲಿಟ್ಟು ಮೇಲಿಂದ ತಿಳಿ ಬೇಸ್ ಹೊಯ್ದರೆ, ಒಳಗಿನ ಜಾಲರಿ ಕಾಣುತ್ತದೆ, ಮೈ ಉಜ್ಜಲೂ ಆಗುತ್ತದೆ.

ಇನ್ನು ‘ಬೆವರುವುದು’. ಇದು ಈ ಕಸುಬಿನದೇ ಮಾತು. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಸೋಪಿನ ಮೈಮೇಲೆ ಹನಿ ಸಾಲುಗಟ್ಟುತ್ತದೆ. ಮಂಗಳೂರು, ಉಡುಪಿ ಕಡೆ ಮಳೆಗಾಲದಲ್ಲಿ ಇದು ತಪ್ಪಿದ್ದಲ್ಲ. ಸೋಪು ಕೆಟ್ಟಿಲ್ಲ, ನೋಡಲಷ್ಟೇ ಚೆನ್ನಾಗಿರುವುದಿಲ್ಲ. ಅಚ್ಚಿನಿಂದ ಬಿಡಿಸಿದ ಕೂಡಲೇ ಕ್ಲಿಂಗ್ ಫಿಲ್ಮ್ ಬಿಗಿಯಾಗಿ ಸುತ್ತಿ. ಫ್ರಿಜ್ಜಿನಲ್ಲಿ ಇಡಬೇಡಿ, ಹೊರಗೆ ತೆಗೆದಾಗ ಇನ್ನೂ ಜಾಸ್ತಿ ಬೆವರುತ್ತದೆ.

‘ಹೋಮ್‌ಮೇಡ್ ಸೋಪ್’ ಅಂತ ಚೀಟಿ ಅಂಟಿಸುವುದಕ್ಕೆ ನನ್ನ ತಕರಾರಿಲ್ಲ. ಸಕ್ಕರೆ ಅಚ್ಚನ್ನೂ ಮನೆಯಲ್ಲೇ ಮಾಡಿದ್ದು ಅನ್ನುತ್ತೇವಲ್ಲ. ಆದರೆ ‘ಕೆಮಿಕಲ್ ಇಲ್ಲದ್ದು’ ಅಂತ ಬರೆದಿದ್ದರೆ ಬೇಸ್‌ನ ಪ್ಯಾಕೆಟ್ ತಿರುಗಿಸಿ ಓದಿ. ಕೆಲವದರಲ್ಲಿ ನೊರೆಗಾಗಿ ಎಸ್‌ಎಲ್‌ಇಎಸ್ (ಸೋಡಿಯಂ ಲಾರೆತ್ ಸಲ್ಫೇಟ್) ಅನ್ನುವ ರಾಸಾಯನಿಕ ಕೂಡ ಇರುತ್ತದೆ. ನೆಂಟರಿಗೆ ಹಂಚುವವರೆಗೆ ಇದು ನಿಮ್ಮ ಮನೆಯ ವಿಷಯ. ಮಾರಲು ಹೊರಟರೆ ಸ್ನಾನದ ಸೋಪು ನಮ್ಮ ದೇಶದಲ್ಲಿ ಸೌಂದರ್ಯವರ್ಧಕಗಳ ಲೆಕ್ಕಕ್ಕೆ ಬರುತ್ತದೆ. 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ತಯಾರಿಕೆಗೆ ಪರವಾನಗಿ ಪಡೆಯಬೇಕು.