ಆಫರ್ ಲೆಟರ್ ನಿಜವೇ ಎಂದು ಆಫರ್ ಲೆಟರನ್ನೇ ಕೇಳಬೇಡಿ

ನಕಲಿ ಉದ್ಯೋಗದ ಇಮೇಲ್ ನಂಬಿ ಹಣ ಕಳೆದುಕೊಂಡವರಲ್ಲಿ ಬಹಳ ಮಂದಿ ಹೇಳುವ ಮಾತು ಒಂದೇ: "ನಾನು ವಿಚಾರಿಸಿಯೇ ಮುಂದುವರಿದೆ." ಅದು ಸುಳ್ಳಲ್ಲ. ಪತ್ರದ ಕೆಳಗಿದ್ದ ನಂಬರಿಗೆ ಫೋನ್ ಮಾಡಿರುತ್ತಾರೆ, ಆ ಕಡೆಯವರು ಕಂಪನಿಯ ಹೆಸರು ಹೇಳಿಯೇ ಮಾತು ಶುರುಮಾಡಿರುತ್ತಾರೆ. ಪತ್ರದ ಲಿಂಕ್ ಒತ್ತಿ ವೆಬ್‌ಸೈಟ್ ನೋಡಿರುತ್ತಾರೆ, ಅಲ್ಲಿ ಲೋಗೊ, ನಿರ್ದೇಶಕರ ಫೋಟೊ ಎಲ್ಲವೂ ಇರುತ್ತದೆ. ಆದರೂ ಅನುಮಾನ ಹೋಗದೆ ಅದೇ ವಿಳಾಸಕ್ಕೆ ಮತ್ತೆ ಬರೆದು ಕೇಳಿರುತ್ತಾರೆ, ವಿನಯದ ಉತ್ತರವೂ ಬಂದಿರುತ್ತದೆ. ಇಷ್ಟು ಮಾಡಿದವರನ್ನು ದಡ್ಡರೆನ್ನುವುದು ಅನ್ಯಾಯ. ಆದರೆ ಈ ಮೂರೂ ವಿಚಾರಣೆ ನಡೆದದ್ದು ಒಬ್ಬನೇ ವಂಚಕನ ಬಳಿ.

ಇದನ್ನು ಎಷ್ಟು ಸಲ ಹೇಳಿದರೂ ಮನಸ್ಸಿಗಿಳಿಯುವುದಿಲ್ಲ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಪತ್ರದಲ್ಲಿರುವ ಫೋನ್ ನಂಬರ್, ಲಿಂಕ್, ಕ್ಯೂಆರ್ ಕೋಡ್, "ಕಳೆದ ತಿಂಗಳು ಸೇರಿದವರನ್ನೇ ಕೇಳಿ ನೋಡಿ" ಎಂದು ಕೊಟ್ಟ ಇನ್ನೊಬ್ಬರ ಸಂಪರ್ಕ, ಇವೆಲ್ಲ ಪತ್ರದ ಭಾಗವೇ. ಪತ್ರ ನಕಲಿಯಾದರೆ ಇವೂ ನಕಲಿ. ಆದ್ದರಿಂದ ಮೊದಲು ಇಮೇಲ್ ಮುಚ್ಚಿ. ಕಂಪನಿಯ ಮುಖ್ಯ ಕಚೇರಿಯ ನಂಬರನ್ನು ಬೇರೆ ಕಡೆಯಿಂದ ಪಡೆಯಿರಿ: ಸರ್ಕಾರದ ಕಂಪನಿ ನೋಂದಣಿ ದಾಖಲೆ, ಷೇರುಪೇಟೆಗೆ ಸಲ್ಲಿಸಿದ ವಾರ್ಷಿಕ ವರದಿ, ಅವರ ಉತ್ಪನ್ನದ ಬಿಲ್ಲು ಅಥವಾ ಡಬ್ಬಿ. ಸರ್ಚ್ ಮಾಡುವುದಾದರೆ 'ಸ್ಪಾನ್ಸರ್ಡ್' ಎಂದು ಮೇಲೆ ಬರುವುದನ್ನು ಬಿಡಿ, ಆ ಜಾಗವನ್ನು ವಂಚಕರೂ ದುಡ್ಡು ಕೊಟ್ಟು ಪಡೆಯುತ್ತಾರೆ.

ಸರಿಯಾದ ನಂಬರ್ ಸಿಕ್ಕ ಮೇಲೂ ಪ್ರಶ್ನೆ ತಪ್ಪುವುದುಂಟು. "ಇಂಥ ಹೆಸರಿನವರು ನಿಮ್ಮ ಎಚ್‌ಆರ್‌ನಲ್ಲಿ ಇದ್ದಾರಾ?" ಎಂದು ಕೇಳಿ, "ಇದ್ದಾರೆ" ಎಂದೊಡನೆ ಸಮಾಧಾನಪಟ್ಟು ಫೋನ್ ಇಟ್ಟುಬಿಡುತ್ತಾರೆ. ಇದ್ದೇ ಇರುತ್ತಾರೆ, ವಂಚಕರು ಲಿಂಕ್ಡ್‌ಇನ್ ನೋಡಿ ನಿಜವಾದ ಉದ್ಯೋಗಿಯ ಹೆಸರನ್ನೇ ಎತ್ತಿಕೊಂಡಿರುತ್ತಾರೆ. ಕೇಳಬೇಕಾದ್ದು ಹೀಗೆ: "ಈ ತಾರೀಖು, ಈ ಹುದ್ದೆಗೆ, ನನ್ನ ಹೆಸರಿಗೆ, ಈ ವಿಳಾಸದಿಂದ ನೀವು ಪತ್ರ ಕಳಿಸಿದ್ದೀರಾ?" ಇಮೇಲ್ ವಿಳಾಸವನ್ನು ಒಂದೊಂದೇ ಅಕ್ಷರವಾಗಿ ಓದಿ ಹೇಳಿ. ಕಂಪನಿಯ ಸೈಟಿನಲ್ಲಿ ಆ ಹುದ್ದೆ ಇದೆ ಎಂಬುದೂ ಸಾಕ್ಷಿಯಲ್ಲ, ಏಕೆಂದರೆ ನಿಜವಾದ ಜಾಹೀರಾತನ್ನೇ ನಕಲು ಮಾಡಿ ಕಳಿಸುತ್ತಾರೆ.

ಇನ್ನು ಇಮೇಲಿನ ಪರೀಕ್ಷೆ. ಕಳಿಸಿದವರ ಹೆಸರು ಎಂದು ಕಾಣುವುದು ಕಳಿಸಿದವರೇ ಟೈಪ್ ಮಾಡಿದ ಪದಗಳು, ಅದಕ್ಕೆ ಬೆಲೆಯಿಲ್ಲ. ಮೊಬೈಲ್ ಆ್ಯಪ್‌ಗಳು ಅನೇಕ ಸಲ ಆ ಹೆಸರನ್ನಷ್ಟೇ ತೋರಿಸುತ್ತವೆ. ಹೆಸರಿನ ಮೇಲೆ ಒತ್ತಿ ಪೂರ್ತಿ ವಿಳಾಸ ನೋಡಿ. ಡೊಮೇನನ್ನು, ಅಂದರೆ '@' ಗುರುತಿನ ನಂತರದ ಭಾಗವನ್ನು, ಬಲದಿಂದ ಎಡಕ್ಕೆ ಓದಬೇಕು. 'ಕೆರಿಯರ್ಸ್ ಡಾಟ್ ಎಕ್ಸಾಂಪಲ್ ಡಾಟ್ ಕಾಮ್' ಎಂಬುದು ಎಕ್ಸಾಂಪಲ್ ಕಂಪನಿಯದೇ. 'ಎಕ್ಸಾಂಪಲ್ ಹೈಫನ್ ಕೆರಿಯರ್ಸ್ ಡಾಟ್ ಕಾಮ್' ಪೂರ್ತಿ ಬೇರೆಯೇ ಡೊಮೇನ್, ಅದನ್ನು ಯಾರು ಬೇಕಾದರೂ ನೋಂದಾಯಿಸಬಹುದು. ಇಂಗ್ಲಿಷಿನ ಆರ್ ಮತ್ತು ಎನ್ ಸಣ್ಣ ಅಕ್ಷರಗಳು ಅಕ್ಕಪಕ್ಕ ಕೂತರೆ ಎಂ ಹಾಗೆ ಕಾಣುತ್ತವೆ. ರಷ್ಯನ್ ಬರೆಯುವ ಸಿರಿಲಿಕ್ ಲಿಪಿಯ ಕೆಲವು ಅಕ್ಷರಗಳಿಗೂ ಇಂಗ್ಲಿಷ್ ಅಕ್ಷರಗಳಿಗೂ ಕಣ್ಣಿಗೆ ವ್ಯತ್ಯಾಸವೇ ತೋರುವುದಿಲ್ಲ. ಇಲ್ಲೊಂದು ಎಚ್ಚರಿಕೆ: ದೊಡ್ಡ ಕಂಪನಿಗಳು ನೇಮಕಾತಿಗೆ ಬೇರೆ ಸಂಸ್ಥೆಗಳ ತಂತ್ರಾಂಶ ಬಳಸುವುದರಿಂದ ನಿಜವಾದ ಪತ್ರವೂ ಬೇರೆ ಡೊಮೇನಿನಿಂದ ಬರಬಹುದು. ಸಣ್ಣ ಸಂಸ್ಥೆಗಳು ಜಿಮೇಲನ್ನೇ ಬಳಸುವುದೂ ಉಂಟು. ವಿಳಾಸ ಹೊಂದಲಿಲ್ಲ ಎಂದೊಡನೆ ನಕಲಿ ಎನ್ನಬೇಡಿ, ಫೋನ್ ವಿಚಾರಣೆಗೆ ಇಳಿಯಿರಿ. ಕಾಗುಣಿತದ ತಪ್ಪು ಹುಡುಕುವ ಹಳೆಯ ಸಲಹೆಯನ್ನಂತೂ ಮರೆಯಿರಿ, ಈಗ ನಕಲಿ ಪತ್ರಗಳ ಭಾಷೆ ಅಸಲಿಗಿಂತ ಚೊಕ್ಕವಾಗಿರಬಹುದು.

ಸ್ವಲ್ಪ ಆಳಕ್ಕೆ ಹೋಗುವವರು ಹೆಡರ್, ಅಂದರೆ ಪತ್ರ ಎಲ್ಲಿಂದ ಹೇಗೆ ಬಂತೆಂಬ ತಾಂತ್ರಿಕ ದಾಖಲೆ, ನೋಡುತ್ತಾರೆ. ಕಂಪ್ಯೂಟರಿನಲ್ಲಿ ಜಿಮೇಲ್ ತೆರೆದು, ಪತ್ರದ ಬಲಗಡೆಯ ಮೂರು ಚುಕ್ಕೆ ಒತ್ತಿ 'ಶೋ ಒರಿಜಿನಲ್' ಆರಿಸಿದರೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ತಪಾಸಣೆಗಳ ಫಲಿತಾಂಶದ ಸಾಲುಗಳು ಕಾಣುತ್ತವೆ. ಮೂರಕ್ಕೂ 'ಪಾಸ್' ಎಂದಿದ್ದರೆ ಪತ್ರ ಅಸಲಿ ಎಂದು ನಿರ್ಧರಿಸುತ್ತಾರೆ, ಅಲ್ಲೇ ಮತ್ತೆ ಎಡವುವುದು. ಆ ಪಾಸ್ ಹೇಳುವುದು ಇಷ್ಟೇ: ಪತ್ರದಲ್ಲಿ ಯಾವ ಡೊಮೇನ್ ಕಾಣುತ್ತಿದೆಯೋ ಆ ಡೊಮೇನಿನ ಒಪ್ಪಿಗೆಯಿಂದಲೇ ಅದು ಬಂದಿದೆ. ವಂಚಕ ತಾನೇ ಕೊಂಡ ಡೊಮೇನಿಗೆ ತಾನೇ ಒಪ್ಪಿಗೆ ಕೊಟ್ಟುಕೊಂಡರೆ ಮೂರೂ ಪಾಸ್ ಆಗುತ್ತವೆ. ಆ ಡೊಮೇನ್ ಕಂಪನಿಯದ್ದೇ ಎಂದು ಬೇರೆ ದಾರಿಯಿಂದ ಖಚಿತವಾದಾಗ ಮಾತ್ರ ಪಾಸ್‌ಗೆ ಅರ್ಥ. 'ಫೇಲ್' ಕಂಡರೂ ಆತುರ ಬೇಡ, ಫಾರ್ವರ್ಡ್ ಆಗಿ ಬಂದ ನಿಜವಾದ ಪತ್ರಗಳೂ ಫೇಲ್ ಆಗುತ್ತವೆ. 'ರಿಪ್ಲೈ ಟು' ಸಾಲನ್ನು ಮಾತ್ರ ತಪ್ಪದೆ ನೋಡಿ. ಕಳಿಸಿದ ವಿಳಾಸ ಕಂಪನಿಯದು, ಉತ್ತರ ಹೋಗುವುದು ಬೇರೆ ಯಾರದೋ ಉಚಿತ ಇಮೇಲಿಗೆ ಎಂದಿದ್ದರೆ ಅಲ್ಲಿಗೇ ನಿಲ್ಲಿಸಿ. ಪತ್ರ ಯಾವ ಸರ್ವರ್‌ಗಳನ್ನು ಹಾದು ಬಂತೆಂದು ಹೇಳುವ 'ರಿಸೀವ್ಡ್' ಸಾಲುಗಳನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಅವುಗಳಲ್ಲಿ ನಿಮ್ಮ ಇಮೇಲ್ ಸೇವೆಯೇ ಸೇರಿಸಿದ ಮೇಲಿನ ಸಾಲುಗಳನ್ನು ನಂಬಬಹುದು, ಕೆಳಗಿನವನ್ನು ಕಳಿಸುವವನು ಕಟ್ಟಿ ಬರೆದಿರಬಹುದು.

ಡೊಮೇನಿನ ವಯಸ್ಸು ನೋಡಲು, ಡೊಮೇನ್ ಹೆಸರುಗಳ ವ್ಯವಸ್ಥೆ ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟ ಸಾಕು. ಇಪ್ಪತ್ತು ವರ್ಷದ ಕಂಪನಿ ಎಂದು ಹೇಳಿಕೊಳ್ಳುವವರ ಡೊಮೇನ್ ಮೂರು ವಾರದ ಹಿಂದೆ ನೋಂದಣಿಯಾಗಿದ್ದರೆ ಬೇರೆ ಪುರಾವೆ ಹುಡುಕುವ ಶ್ರಮ ಬೇಡ. ಮಾಲೀಕರ ಹೆಸರು ಮುಚ್ಚಿರುವುದು ಅನುಮಾನಕ್ಕೆ ಕಾರಣವಲ್ಲ. 2018ರಲ್ಲಿ ಯುರೋಪಿನ ಖಾಸಗಿ ಮಾಹಿತಿ ರಕ್ಷಣೆಯ ಕಾನೂನು ಜಿಡಿಪಿಆರ್ ಜಾರಿಯಾದ ಮೇಲೆ ಪ್ರಾಮಾಣಿಕರ ಹೆಸರೂ ಹೆಚ್ಚಾಗಿ ಕಾಣುವುದಿಲ್ಲ. ಬ್ರೌಸರಿನ ಬೀಗದ ಚಿತ್ರವೂ ಭರವಸೆಯಲ್ಲ. ಅದಕ್ಕೆ ಬೇಕಾದ ಪ್ರಮಾಣಪತ್ರವನ್ನು ಲೆಟ್ಸ್ ಎನ್‌ಕ್ರಿಪ್ಟ್ ಎಂಬ ಸಂಸ್ಥೆ ಎಲ್ಲರಿಗೂ ಉಚಿತವಾಗಿ ಕೊಡುತ್ತದೆ. ಜನ ಬೀಗವನ್ನು ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾರೆಂದೇ ಗೂಗಲ್ 2023ರಲ್ಲಿ ಕ್ರೋಮ್‌ನಿಂದ ಅದನ್ನು ತೆಗೆದುಹಾಕಿತು.

ಹಣ ಕೇಳುವ ದಾರಿಗಳು ಹೆಚ್ಚು ಬದಲಾಗಿಲ್ಲ: ಮರಳಿ ಕೊಡುವ ಠೇವಣಿ, ತರಬೇತಿ ಶುಲ್ಕ, ವೀಸಾ ಖರ್ಚು, ಹಿನ್ನೆಲೆ ಪರಿಶೀಲನೆ. ಚೆಕ್ಕಿನ ಮೋಸ ಮಾತ್ರ ತಿಳಿದವರನ್ನೂ ಬೀಳಿಸುತ್ತದೆ. ಲ್ಯಾಪ್‌ಟಾಪ್ ಕೊಳ್ಳಲೆಂದು ಚೆಕ್ ಕಳಿಸಿ, ಉಳಿದ ಹಣವನ್ನು 'ಮಾರಾಟಗಾರ'ನಿಗೆ ವರ್ಗಾಯಿಸಿ ಎನ್ನುತ್ತಾರೆ. ಕೆಲವು ದೇಶಗಳಲ್ಲಿ ಚೆಕ್ ಪೂರ್ತಿ ಪಾಸಾಗುವ ಮೊದಲೇ ಬ್ಯಾಂಕು ಮೊತ್ತವನ್ನು ಬಳಕೆಗೆ ಬಿಡುತ್ತದೆ. ವಾರಗಳ ನಂತರ ಚೆಕ್ ಬೌನ್ಸ್ ಆದಾಗ ನೀವು ಕಳಿಸಿದ್ದು ನಿಮ್ಮದೇ ಹಣವೆಂದು ತಿಳಿಯುತ್ತದೆ. 'ಗ್ರಾಹಕರ ಹಣ ನಿಮ್ಮ ಖಾತೆಗೆ ಬರುತ್ತದೆ, ಕಮಿಷನ್ ಇಟ್ಟುಕೊಂಡು ಮುಂದಕ್ಕೆ ಕಳಿಸಿ' ಎಂಬ ಕೆಲಸ ಇನ್ನೂ ಅಪಾಯದ್ದು. ಅದು ಕದ್ದ ಹಣ ಸಾಗಿಸುವ ಕೆಲಸ, ಪೊಲೀಸರು ಮೊದಲು ಬರುವುದು ಖಾತೆದಾರರ ಮನೆಗೆ.

ಹಣವನ್ನೇ ಕೇಳದವರೂ ಇದ್ದಾರೆ. 2022ರ ಮಾರ್ಚ್‌ನಲ್ಲಿ ರೋನಿನ್ ಎಂಬ ಕ್ರಿಪ್ಟೊ ಜಾಲದಿಂದ ಸುಮಾರು 62 ಕೋಟಿ ಡಾಲರ್ ಕಳವಾಯಿತು. ನಕಲಿ ಕೆಲಸವೊಂದಕ್ಕೆ ಹಲವು ಸುತ್ತಿನ ಸಂದರ್ಶನ ಮುಗಿಸಿದ ಆ ಜಾಲದ ಎಂಜಿನಿಯರ್ ಒಬ್ಬರು ಪಿಡಿಎಫ್ ಆಫರ್ ಲೆಟರ್ ತೆರೆದದ್ದೇ ಕಳ್ಳರಿಗೆ ಬಾಗಿಲಾಯಿತೆಂದು ಆಮೇಲೆ ವರದಿಯಾಯಿತು. ಅಮೆರಿಕದ ಎಫ್‌ಬಿಐ ಈ ಕಳವಿಗೆ ಉತ್ತರ ಕೊರಿಯಾದ ಲಾಜರಸ್ ಎಂಬ ಹ್ಯಾಕರ್ ಗುಂಪು ಹೊಣೆ ಎಂದಿತು. ಪಾಸ್‌ವರ್ಡ್ ಹಾಕಿದ ಜಿಪ್ ಫೈಲ್, ಮ್ಯಾಕ್ರೊ (ಕಡತದೊಳಗಿನ ಪುಟ್ಟ ಪ್ರೋಗ್ರಾಂ) ಚಾಲೂ ಮಾಡಿ ಎನ್ನುವ ವರ್ಡ್ ಕಡತ, 'ಪರೀಕ್ಷೆಗಾಗಿ ಈ ಕೋಡ್ ಓಡಿಸಿ' ಎಂಬ ಸೂಚನೆ, ಇವು ಬಂದರೆ ತೆರೆಯಬೇಡಿ. ಈಗಿನ ಕಚೇರಿಯ ಕಂಪ್ಯೂಟರಿನಲ್ಲಂತೂ ಖಂಡಿತ ಬೇಡ.

ಹಣ ಹೋಗಿದ್ದರೆ ಮೊದಲು ಬ್ಯಾಂಕಿಗೆ ಫೋನ್ ಮಾಡಿ, ವಂಚಕನನ್ನು ಬೈಯುವುದು, ಬೇಡುವುದು ಎಲ್ಲ ಆಮೇಲೆ. ತಡೆಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲಿ, ಅದೂ ಎಲ್ಲ ಸಲವೂ ಅಲ್ಲ. ಗಿಫ್ಟ್ ಕಾರ್ಡ್ ಮತ್ತು ಕ್ರಿಪ್ಟೊದಲ್ಲಿ ಹೋದದ್ದು ಮರಳುವುದು ಅಪರೂಪ. ಆಮೇಲೆ 'ನಿಮ್ಮ ಹಣ ವಾಪಸ್ ಕೊಡಿಸುತ್ತೇವೆ' ಎಂದು ಶುಲ್ಕ ಕೇಳಿ ಬರುವವರು ಎರಡನೇ ಸಲ ಮೋಸಮಾಡಲು ಬಂದವರು. ನಾಚಿಕೆಯಿಂದ ಇಮೇಲ್ ಅಳಿಸಬೇಡಿ, ತನಿಖೆಗೆ ಉಳಿದಿರುವುದು ಅದೊಂದೇ. ಸ್ಕ್ರೀನ್‌ಶಾಟಿನಲ್ಲಿ ಹೆಡರ್ ಇರುವುದಿಲ್ಲ, ಸುಮ್ಮನೆ ಫಾರ್ವರ್ಡ್ ಮಾಡಿದರೂ ಮೂಲ ಹೆಡರ್ ಹೋಗುತ್ತದೆ. ಅದೇ ಮೂರು ಚುಕ್ಕೆಯ ಪಟ್ಟಿಯಲ್ಲಿ 'ಡೌನ್‌ಲೋಡ್ ಮೆಸೇಜ್' ಒತ್ತಿದರೆ ಹೆಡರ್ ಸಮೇತ ಪೂರ್ತಿ ಪತ್ರವಿರುವ ಇಎಂಎಲ್ ಕಡತ ಸಿಗುತ್ತದೆ. ಅದನ್ನು ದೂರಿನೊಂದಿಗೆ ಪೊಲೀಸರಿಗೂ, ಯಾರ ಹೆಸರು ಬಳಕೆಯಾಯಿತೋ ಆ ಕಂಪನಿಗೂ ಲಗತ್ತಾಗಿ ಕಳಿಸಿ. ಐಕ್ಯಾನ್ ಲುಕಪ್ ಪುಟದಲ್ಲೇ ಡೊಮೇನ್ ಮಾರಿದ ಸಂಸ್ಥೆಯ 'ಅಬ್ಯೂಸ್' ವಿಳಾಸವೂ ಇರುತ್ತದೆ. ಅಲ್ಲಿಗೂ ಬರೆದರೆ, ಅದೇ ಪತ್ರ ಇನ್ನೊಬ್ಬರಿಗೆ ಹೋಗುವ ಮೊದಲು ಆ ಡೊಮೇನ್ ಮುಚ್ಚುವ ಅವಕಾಶವಿದೆ.