‘ನನ್ನ ರಿಪೋರ್ಟ್ ಯಾರು ಬರೀತಾರೆ ಮೇಡಂ?’

ಸರ್ಕಾರಿ ಕಚೇರಿಗಳಲ್ಲಿ ಲೈಂಗಿಕ ಕಿರುಕುಳದ ದೂರು ಬಂದರೆ ಆಂತರಿಕ ಸಮಿತಿ ವಿಚಾರಣೆ ಮಾಡುತ್ತದೆ. ಅಂಥ ಸಮಿತಿಗಳಲ್ಲಿ ನಾನು ಹೊರಗಿನ ಸದಸ್ಯೆ. ಒಮ್ಮೆ ಒಬ್ಬ ನೌಕರೆ ಬಂದು ಕೂತರು (ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ). ಮೇಲಧಿಕಾರಿ ರಾತ್ರಿ ಹೊತ್ತು ಕಳಿಸಿದ್ದ ಮೆಸೇಜುಗಳ ಪ್ರಿಂಟ್ ತಂದಿದ್ದರು. ಜೊತೆಗೆ ಮೂರು ರಜೆ ಅರ್ಜಿಗಳು. ಮೂರರ ಮೇಲೂ ಹಸಿರು ಶಾಯಿಯಲ್ಲಿ ‘ತಿರಸ್ಕರಿಸಿದೆ’. ಮೆಸೇಜಿಗೆ ಉತ್ತರ ಕೊಡುವುದನ್ನು ನಿಲ್ಲಿಸಿದ ಮೇಲೆ ಹಾಕಿದ ಅರ್ಜಿಗಳು ಅವು. ನಾವು ಏನೂ ಕೇಳುವ ಮೊದಲೇ ಅವರು ಕೇಳಿದರು: “ಈ ವರ್ಷದ ನನ್ನ ರಿಪೋರ್ಟ್ ಯಾರು ಬರೀತಾರೆ ಮೇಡಂ?” ರಿಪೋರ್ಟ್ ಅಂದರೆ ನೌಕರರ ಕೆಲಸದ ಬಗ್ಗೆ ಮೇಲಧಿಕಾರಿ ವರ್ಷಕ್ಕೊಮ್ಮೆ ಬರೆಯುವ ಗುಪ್ತ ವರದಿ.

ಕಚೇರಿಯಲ್ಲಿ ಅಧಿಕಾರ ಇರುವುದು ಸಹಿಯಲ್ಲಿ. ರಜೆಗೂ ಅದೇ ಸಹಿ, ಬಡ್ತಿಗೂ ಅದೇ. ಗುತ್ತಿಗೆಯವರಾದರೆ ಮುಂದಿನ ವರ್ಷ ಕೆಲಸ ಇರುತ್ತೋ ಇಲ್ವೋ ಅನ್ನುವುದಕ್ಕೂ ಅದೇ. “ಆಗಲೇ ಯಾಕೆ ಹೇಳಲಿಲ್ಲ?” ಅಂತ ಕೇಳುವವರು ಇದನ್ನು ಯೋಚಿಸುವುದೇ ಇಲ್ಲ. ಘಟನೆಯಾದ 3 ತಿಂಗಳೊಳಗೆ ದೂರು ಕೊಡಬೇಕು ಅನ್ನುತ್ತದೆ ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನು. ಸರಿಯಾದ ಕಾರಣವಿದ್ದರೆ ಸಮಿತಿ ಇನ್ನೂ 3 ತಿಂಗಳು ಕೊಡಬಹುದು. ಭಯ ಸರಿಯಾದ ಕಾರಣವೇ ಎಂದು ನಾನು ಪ್ರತಿ ಸಲ ವಾದಿಸುತ್ತೇನೆ.

ಆ ನೌಕರೆಯ ಪ್ರಶ್ನೆಗೆ ಅದೇ ವರ್ಷದ ನಿಯಮಗಳಲ್ಲಿ ನೇರ ಉತ್ತರವಿದೆ. ಆರೋಪ ಹೊತ್ತ ಅಧಿಕಾರಿ ದೂರುದಾರೆಯ ಗುಪ್ತ ವರದಿ ಬರೆಯದಂತೆ ತಡೆದು, ಆ ಕೆಲಸವನ್ನು ಬೇರೆಯವರಿಗೆ ವಹಿಸಲು ಸಮಿತಿ ಶಿಫಾರಸು ಮಾಡಬಹುದು. 3 ತಿಂಗಳವರೆಗೆ ರಜೆ ಕೊಡಿಸಬಹುದು. ಇಬ್ಬರಲ್ಲಿ ಯಾರನ್ನಾದರೂ ವರ್ಗ ಮಾಡಿಸಬಹುದು. ಆದರೆ ದೂರುದಾರೆ ಬರವಣಿಗೆಯಲ್ಲಿ ಕೇಳಬೇಕು. ಹೀಗೆ ಕೇಳಬಹುದು ಅಂತಲೇ ಎಷ್ಟೋ ಜನಕ್ಕೆ ಗೊತ್ತಿರುವುದಿಲ್ಲ. ಹೇಳಬೇಕಾದ ಸಮಿತಿಯೂ ಸುಮ್ನೆ ಕೂತಿರುತ್ತದೆ.

ವರ್ಗಾವಣೆ ಅಂದಾಗ ಎತ್ತಂಗಡಿ ಆಗುವುದು ಜಾಸ್ತಿ ಹೆಂಗಸೇ. “ನಿಮ್ಮ ಒಳ್ಳೇದಕ್ಕೇ ಅಮ್ಮಾ” ಅನ್ನುತ್ತಾರೆ. ದೂರುದಾರೆ ತಾನಾಗಿ ಕೇಳದಿರುವಾಗ ಮಾಡಿದ ವರ್ಗಾವಣೆ ನನ್ನ ಮಟ್ಟಿಗೆ ಶಿಕ್ಷೆಯೇ. ದೂರು ಕೊಟ್ಟರೆ ಏನಾಗುತ್ತೆ ಅಂತ ಇಡೀ ಕಚೇರಿಗೆ ಅದರಿಂದಲೇ ಗೊತ್ತಾಗಿಬಿಡುತ್ತದೆ.

ಈ ಕಾನೂನಿನ ಬೇರು ಇರುವುದೇ ಸರ್ಕಾರದ ಕೆಲಸದಲ್ಲಿ. 1992ರಲ್ಲಿ ರಾಜಸ್ಥಾನದ ಭಂವರಿ ದೇವಿ ಸರ್ಕಾರಿ ಯೋಜನೆಯೊಂದರ ಕಾರ್ಯಕರ್ತೆಯಾಗಿ ಬಾಲ್ಯವಿವಾಹ ತಡೆಯಲು ಹೋಗಿದ್ದರು. ಅದಕ್ಕೆ ಸೇಡಾಗಿ ಅವರ ಮೇಲೆ ಸಾಮೂಹಿಕ ಅತ್ಯಾಚಾರ ನಡೆಯಿತು. ಕೆಲಸದ ಸ್ಥಳದ ಲೈಂಗಿಕ ಕಿರುಕುಳ ತಡೆಯಲು ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟ 1997ರ ವಿಶಾಖಾ ತೀರ್ಪು ಆ ಪ್ರಕರಣದ ಹಿನ್ನೆಲೆಯಲ್ಲಿ ಬಂದದ್ದು. 2013ರ ಕಾನೂನು ಅದರ ಮುಂದುವರಿಕೆ.

ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವರದಿ ಕೈಸೇರಿದ 60 ದಿನದಲ್ಲಿ ಸಂಸ್ಥೆ ಕ್ರಮ ತೆಗೆದುಕೊಳ್ಳಬೇಕು. ಕಡತ ಮಲಗುವುದು ಇಲ್ಲೇ. “ಇಲಾಖಾ ವಿಚಾರಣೆ ಮೊದಲಿಂದ ಆಗ್ಲಿ” ಅನ್ನುತ್ತಾರೆ. ಸಮಿತಿಯ ವರದಿಯನ್ನೇ ಶಿಸ್ತುಕ್ರಮದ ವಿಚಾರಣಾ ವರದಿ ಎಂದು ಪರಿಗಣಿಸಬೇಕು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ ಹೇಳಿದೆ. ಅದೇ ಹೆಂಗಸು ಅದೇ ಮಾತನ್ನು ಇನ್ನೊಂದು ಮೇಜಿನ ಮುಂದೆ ಮತ್ತೆ ಯಾಕೆ ಹೇಳಬೇಕು? ಇನ್ನು ಸಂಸ್ಥೆಯ ಮುಖ್ಯಸ್ಥರ ಮೇಲೇ ದೂರಿದ್ದರೆ, ಅವರ ಕೈಕೆಳಗಿನವರ ಮುಂದೆ ಹೋಗಬೇಕಿಲ್ಲ. ಜಿಲ್ಲೆಯ ಸ್ಥಳೀಯ ಸಮಿತಿಗೆ ಕೊಡಬಹುದು.

ಆ ನೌಕರೆಯಿಂದ ನಾವು ಅವತ್ತೇ ಮನವಿ ಬರೆಸಿಕೊಂಡೆವು. ವಿಚಾರಣೆ ಇನ್ನೂ ನಡೆಯುತ್ತಿರುವಾಗಲೇ ಆದೇಶ ಬಂತು. ಅವರ ನಾಲ್ಕನೇ ರಜೆ ಅರ್ಜಿ ಬೇರೆ ಅಧಿಕಾರಿಯ ಮೇಜಿಗೆ ಹೋಯಿತು. ಮರುದಿನವೇ ಮಂಜೂರಾಯಿತು.