ಸಂತೆಯಿಂದ ತಂದ ಹೇಂಟೆ

ತೀರ್ಥಹಳ್ಳಿ, ಹೊಸನಗರ ಕಡೆ ಹಿತ್ತಿಲಲ್ಲಿ ಕೋಳಿ ಕಡಿಮೆಯಾಯಿತು ಅಂದರೆ ಸಂತೆಯಿಂದ ಎರಡು ಹೇಂಟೆ ತಂದು, ಕತ್ತಲಾದ ಮೇಲೆ ಗೂಡಿನೊಳಗೆ ಬಿಟ್ಟುಬಿಡುತ್ತಾರೆ. ರಾತ್ರಿ ಬಿಟ್ಟರೆ ಕಚ್ಚಾಡುವುದಿಲ್ಲ ಅನ್ನುವುದು ಲೆಕ್ಕ. ಅರ್ಧ ಸರಿ. ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಅಲ್ಲಾಡದೆ ಕೂತಿರುತ್ತವೆ. ಜಗಳ ಶುರುವಾಗುವುದು ಬೆಳಕು ಹರಿದ ಮೇಲೆ. ಆದರೆ ಅದಕ್ಕಿಂತ ದೊಡ್ಡ ಅಪಾಯ, ಅಂದರೆ ರೋಗ, ಅಷ್ಟರಲ್ಲಾಗಲೇ ಒಳಗೆ ಬಂದಿರಬಹುದು. ಇಡೀ ರಾತ್ರಿ ಮೈಗೆ ಮೈ ತಾಗಿಸಿಕೊಂಡು, ಅದೇ ಗಾಳಿ ಉಸಿರಾಡಿಕೊಂಡು ಕೂತಿವೆಯಲ್ಲ!

ಮೊದಲು ಜಗಳದ ವಿಷಯ. ಯಾರು ಯಾರನ್ನು ಕುಕ್ಕಬಹುದು ಅನ್ನುವುದಕ್ಕೆ ಕೋಳಿಗಳಲ್ಲಿ ಮೇಲು-ಕೆಳಗಿನ ಸಾಲು ಇದೆ. 1920ರ ದಶಕದ ಶುರುವಿನಲ್ಲಿ ಇದನ್ನು ಶಾಸ್ತ್ರೀಯವಾಗಿ ಬರೆದಿಟ್ಟವರು ನಾರ್ವೆಯ ಥೋರ್ಲೈಫ್ ಶೆಲ್ಡರಪ್-ಎಬ್ಬೆ. ಹುಡುಗನಾಗಿದ್ದಾಗಿನಿಂದಲೇ ಅವರಿಗೆ ಕೋಳಿ ನೋಡುವ ಹುಚ್ಚು. ಸಾಲು ಒಮ್ಮೆ ಗಟ್ಟಿಯಾದರೆ ಜಗಳ ತನ್ನಿಂತಾನೇ ಕಡಿಮೆಯಾಗುತ್ತದೆ. ಮೇಲಿನವಳು ಕತ್ತೆತ್ತಿ ನೋಡಿದರೆ ಸಾಕು, ಕೆಳಗಿನವಳು ಕಾಳು ಬಿಟ್ಟು ಸರಿಯುತ್ತಾಳೆ. ಪರಸ್ಪರ ಗುರುತು ಹಿಡಿಯುವುದು ತಲೆ ನೋಡಿ, ಅದರಲ್ಲೂ ಜುಟ್ಟು ನೋಡಿ. ಹೊಸ ಮುಖ ಬಂತೋ, ಸಾಲು ಮತ್ತೆ ಮೊದಲಿನಿಂದ ಕಟ್ಟಬೇಕು. ಕಾವು, ಮರಿ ಅಂತ ವಾರಗಟ್ಟಲೆ ಬೇರೆ ಇದ್ದ ಮನೆಯ ಹೇಂಟೆಯೇ ವಾಪಸ್ ಬಂದಾಗ ಉಳಿದವು ಮೇಲೆ ಬೀಳುವುದುಂಟು.

ಕೋಳಿ ತಾನೇ, ಕಚ್ಚಾಡಿ ಸುಮ್ಮನಾಗುತ್ತವೆ ಅಂತ ಬಿಡುವ ಹಾಗಿಲ್ಲ. ಕುಕ್ಕಿಸಿಕೊಂಡು ಮೂಲೆ ಸೇರಿದ ಹೇಂಟೆಗೆ ಮೇವು, ನೀರು ಎರಡೂ ಸಿಗುವುದಿಲ್ಲ. ದಿನವಿಡೀ ಹೆದರಿಕೆಯಲ್ಲಿದ್ದರೆ ಮೈಯಲ್ಲಿ ಒತ್ತಡದ ಹಾರ್ಮೋನು ಏರಿ, ರೋಗ ತಡೆಯುವ ಶಕ್ತಿ ಇಳಿಯುತ್ತದೆ. ಉಸಿರಾಟದ ಕಾಯಿಲೆ ತರುವ ಮೈಕೊಪ್ಲಾಸ್ಮಾ ಅನ್ನುವ ಬ್ಯಾಕ್ಟೀರಿಯಾ ಕಾಯುತ್ತಿರುವುದು ಇದಕ್ಕೇ. ಔಷಧಿಯಿಂದ ಉಸಿರಿನ ಗೊರಗೊರ ನಿಂತರೂ ಅದು ಕೋಳಿಯೊಳಗೆ ಉಳಿದುಬಿಡುತ್ತದೆ. ಕೋಳಿ ಸೋತಾಗ ತಲೆ ಎತ್ತಿ, ಪಕ್ಕದವಕ್ಕೂ ಹರಡುತ್ತದೆ. "ಸಂತೆಯಲ್ಲಿ ಚೆನ್ನಾಗೇ ಇತ್ತು, ನಮ್ಮನೆಗೆ ಬಂದ ಮೇಲೆ ಸೀನಕ್ಕೆ ಶುರು ಮಾಡ್ತು" ಅನ್ನುತ್ತಾರಲ್ಲ, ಎಷ್ಟೋ ಸಲ ಕಥೆ ಇಷ್ಟೇ.

ಸಂತೆಯ ಬಗ್ಗೆ ಇನ್ನೂ ಒಂದು ಮಾತು ಹೇಳಲೇಬೇಕು. ಪಕ್ಕದೂರಲ್ಲಿ ಕೊಕ್ಕರೆ ರೋಗ, ಅಂದರೆ ರಾಣಿಖೇತ್, ಬಂದಿದೆ ಅಂತ ಸುದ್ದಿಯಾದರೆ ಜನ ಮೊದಲು ಮಾಡುವ ಕೆಲಸ ಏನು? ಉಳಿದ ಕೋಳಿಗಳನ್ನು ಬುಟ್ಟಿಗೆ ತುಂಬಿ ಸಂತೆಗೆ ಒಯ್ಯುವುದು. ಸತ್ತು ನಷ್ಟವಾಗುವುದಕ್ಕಿಂತ ನಾಲ್ಕು ಕಾಸು ಬರಲಿ ಅಂತ. ಅವರನ್ನು ಬೈದು ಪ್ರಯೋಜನವಿಲ್ಲ, ಆದರೆ ವೈರಸ್ಸಿಗೆ ಇದಕ್ಕಿಂತ ಒಳ್ಳೆ ಸವಾರಿ ಬೇಕಾ? ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಲು ಸಾಮಾನ್ಯವಾಗಿ 2ರಿಂದ 15 ದಿನ ಬೇಕು. ಸಂತೆಯ ದಿನ ಹೇಂಟೆ ಗಟ್ಟಿಮುಟ್ಟಾಗೇ ಕಾಣುತ್ತದೆ.

ಹಾಗಾಗಿ ಹೊಸ ಕೋಳಿಯನ್ನು ನಾಲ್ಕು ವಾರ ದೂರ ಇಡಿ. ಗೂಡಿನ ಪಕ್ಕದಲ್ಲೇ ಮಂಕರಿ ಕವುಚಿ ಇಡುವುದು ದೂರ ಅಲ್ಲ. ಸೌದೆ ಕೊಟ್ಟಿಗೆಯೋ, ಮನೆಯ ಇನ್ನೊಂದು ಬದಿಯೋ ಆಗಬೇಕು. ಹಳೆಯವಕ್ಕೆ ಮೇವು ಹಾಕಿ ಮುಗಿಸಿ ಆಮೇಲೆ ಹೊಸದರ ಹತ್ತಿರ ಹೋಗಿ, ತಿರುವುಮುರುವು ಬೇಡ. ಚಪ್ಪಲಿಗೆ ಮೆತ್ತಿದ ಹಿಕ್ಕೆಯೂ ರೋಗ ಸಾಗಿಸುತ್ತದೆ. ಕೊನೆಯ ವಾರ ಹಳೆ ಗುಂಪಿನ ಒಂದೇ ಒಂದು ಕೋಳಿಯನ್ನು ಹೊಸದರ ಜೊತೆ ಬಿಟ್ಟು ನೋಡುವ ಕ್ರಮವಿದೆ. ಹೊಸದು ತಾನು ಕಾಯಿಲೆ ಬೀಳದೆ ರೋಗ ಹೊತ್ತಿದ್ದರೆ ಈ ಒಂದರಲ್ಲಿ ಗೊತ್ತಾಗಬಹುದು. ಆ ಕೋಳಿಗೆ ಅನ್ಯಾಯವೇ ಸರಿ, ಆದರೆ ಇಡೀ ಗುಂಪು ಹೋಗುವುದು ತಪ್ಪುತ್ತದೆ.

ಈ ನಾಲ್ಕು ವಾರದಲ್ಲಿ ಏನು ನೋಡಬೇಕು? ಕೋಳಿ ಕಾಯಿಲೆಯನ್ನು ಮುಚ್ಚಿಡುತ್ತದೆ. ಸೋತದ್ದು ಕಂಡರೆ ಉಳಿದವು ಕುಕ್ಕುತ್ತವೆ, ಹದ್ದಿನಂಥವೂ ಅದನ್ನೇ ಹಿಡಿಯುತ್ತವೆ. ನಾವು ಹತ್ತಿರ ಹೋದ ಕೂಡಲೇ ಮೈ ನೆಟ್ಟಗೆ ಮಾಡಿಕೊಂಡು ಕಾಳು ಹೆಕ್ಕುವ ನಾಟಕ ಬೇರೆ. ಅದಕ್ಕೇ ರಾತ್ರಿ ಗಳದ ಮೇಲೆ ಕೂತಾಗ ಸದ್ದಿಲ್ಲದೆ ಹೋಗಿ ಕಿವಿಗೊಡಿ. ಆರೋಗ್ಯವಾಗಿದ್ದರೆ ಉಸಿರಿನ ಸದ್ದೇ ಕೇಳುವುದಿಲ್ಲ. ಗೊರಗೊರ, ಕಿಚ್ ಅನ್ನುವ ಸೀನು ಕೇಳಿದರೆ ಎಚ್ಚರಿಕೆ. ಆಗಲೇ ಕೋಳಿಯನ್ನು ಎತ್ತಿ ಕುತ್ತಿಗೆ ಬುಡದ ಕಾಳಿನ ಚೀಲ ಮುಟ್ಟಿ, ಸಂಜೆ ಮೇದದ್ದಾದರೆ ಬೆರಳಿಗೆ ತುಂಬಿದ ಹಾಗೆ ಸಿಗುತ್ತದೆ. ಮೂಗಿನ ಹತ್ತಿರ ಕೊಳೆತ ನಾತ, ಕಣ್ಣಿನ ಸುತ್ತ ಊತ ಇದ್ದರೆ ಕೊರೈಜಾ ನೆಗಡಿ ಇರಬಹುದು. ಬೆಳಿಗ್ಗೆ ಹಿಕ್ಕೆ ನೋಡಿ. ಆಗಾಗ ಬರುವ ಕಂದು ಬಣ್ಣದ ಜಿಗುಟು ಹಿಕ್ಕೆಗೆ ಹೆದರಬೇಡಿ, ಅದು ಕರುಳಿನ ಕುರುಡು ಚೀಲದ್ದು, ಮಾಮೂಲಿ. ಹಸಿರು ನೀರಿನಂಥ ಭೇದಿ, ಜೊತೆಗೆ ಕತ್ತು ತಿರುಚುವುದು ಕಂಡರೆ ರಾಣಿಖೇತ್ ಅಂತಲೇ ಅನುಮಾನಿಸಿ, ಪಶು ಆಸ್ಪತ್ರೆಗೆ ತಿಳಿಸಿ.

ಇದಕ್ಕೆ ಮದ್ದಿಲ್ಲ. ಅರಿಶಿನ, ಬೆಳ್ಳುಳ್ಳಿ ತಿನ್ನಿಸಿ ರಾಣಿಖೇತ್ ವಾಸಿ ಮಾಡಿದೆ ಅನ್ನುವವರ ಮಾತು ನಾನಂತೂ ನಂಬುವುದಿಲ್ಲ. ಲಸಿಕೆ ಇದೆ. ಮರಿಗೆ ಮೊದಲ ವಾರ ಕಣ್ಣಿಗೋ ಮೂಗಿಗೋ ಹನಿ, ಎರಡು ತಿಂಗಳ ಹೊತ್ತಿಗೆ ಚುಚ್ಚುಮದ್ದು. ತೊಡಕು ಏನೆಂದರೆ ಒಂದು ಸೀಸೆಯಲ್ಲಿ ನೂರಾರು ಕೋಳಿಗೆ ಆಗುವಷ್ಟು ಇರುತ್ತದೆ, ಕಲಸಿದ ಮೇಲೆ ಒಂದೆರಡು ಗಂಟೆಯಲ್ಲೇ ಮುಗಿಸಬೇಕು, ತರುವಾಗಲೂ ಐಸ್ ಬೇಕು. ಹತ್ತು ಕೋಳಿಯವರು ಒಬ್ಬರೇ ತಂದರೆ ಗಿಟ್ಟುವುದಿಲ್ಲ. ಕೇರಿಯವರೆಲ್ಲ ಸೇರಿ ಒಂದೇ ದಿನ ಹಾಕಿಸಿದರೆ ಸಲೀಸು.

ಮಲೆನಾಡಿನ ಮಳೆಗಾಲದ ಕಥೆಯೇ ಬೇರೆ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರ್‌ಗೂ ಜಾಸ್ತಿ ಮಳೆ ಸುರಿಯುತ್ತದೆ. ಅಂಥ ಕಡೆ ಗೂಡಿನ ನೆಲ ಒಣಗುವುದೇ ಕಷ್ಟ. ರಕ್ತಭೇದಿ ತರುವ ಐಮೀರಿಯಾ ಜೀವಿಗೆ ಬೇಕಾದದ್ದೇ ಒದ್ದೆ. ಹಿಕ್ಕೆಯಲ್ಲಿ ಹೊರಬಿದ್ದ ಅದರ ಮೊಟ್ಟೆಯಂಥ ಕಣ ಬೆಚ್ಚಗಿನ ಹಸಿ ನೆಲದಲ್ಲಿ ಒಂದೆರಡು ದಿನಕ್ಕೇ ಸೋಂಕು ಹಚ್ಚಲು ತಯಾರು. ಅಮ್ಮನ ಜೊತೆ ಕೆದಕಿಕೊಂಡು ಬೆಳೆದ ನಾಟಿ ಮರಿ ಇದನ್ನು ಚೂರುಚೂರೇ ನುಂಗಿ ಪಳಗಿರುತ್ತದೆ. ಪೆಟ್ಟಿಗೆಯಲ್ಲಿ ಬಲ್ಬ್ ಕೆಳಗೆ ಚೊಕ್ಕವಾಗಿ ಬೆಳೆದ ಗಿರಿರಾಜ ತಳಿಯ ಮರಿಯನ್ನು ಆಷಾಢದಲ್ಲಿ ಒಮ್ಮೆಲೇ ಹಿತ್ತಿಲಿಗೆ ಬಿಟ್ಟರೆ ಪೆಟ್ಟು ಜೋರು. ಹಿಕ್ಕೆಯಲ್ಲಿ ರಕ್ತ ಕಂಡ ದಿನವೇ ವೈದ್ಯರನ್ನು ಕೇಳಿ ಆಂಪ್ರೋಲಿಯಂ ಅನ್ನುವ ಔಷಧಿ ನೀರಿಗೆ ಹಾಕಬೇಕು. ಗೂಡನ್ನು ನೆಲದಿಂದ ಎತ್ತರಿಸಿ, ತಳಕ್ಕೆ ರೀಪು ಹೊಡೆದು ಹಿಕ್ಕೆ ಕೆಳಗೆ ಬೀಳುವಂತೆ ಮಾಡಿದರೆ ಇನ್ನೂ ಒಳ್ಳೆಯದು.

ನಾಲ್ಕು ವಾರ ಕಳೆದು ಎಲ್ಲ ಸರಿ ಇದ್ದರೆ, ಒಂದು ವಾರ ನಡುವೆ ಜಾಲರಿ ಇಟ್ಟು ಮುಖ ನೋಡಿಕೊಳ್ಳಲು ಬಿಡಿ. ಆಮೇಲೆ ಸೇರಿಸುವಾಗ ಒಂಟಿಯಾಗಿ ಬಿಡದೆ ಜೋಡಿಯಾಗಿ ಬಿಡಿ, ಪೆಟ್ಟು ಹಂಚಿಹೋಗುತ್ತದೆ. ಮೇವು, ನೀರು ಎರಡು ಕಡೆ ಇಡಿ. ರಕ್ತ ಬಂದರೆ ಮಾತ್ರ ತಕ್ಷಣ ಎತ್ತಿಕೊಳ್ಳಿ, ಕೆಂಪು ಕಂಡಷ್ಟೂ ಉಳಿದವು ಅಲ್ಲೇ ಕುಕ್ಕುತ್ತವೆ. ಇದೇ ಜಾಲರಿ ಗಾಯಾಳುಗಳಿಗೂ ಆಗುತ್ತದೆ. ಕಾಲು ಉಳುಕಿದ್ದು, ಗಾಯವಾದದ್ದು ಗುಂಪಿನ ಕಣ್ಣೆದುರೇ ಜಾಲರಿಯೊಳಗೆ ಇರಲಿ, ವಾಪಸ್ ಬಿಡುವ ದಿನ ಹೊಸಬಳಾಗುವುದಿಲ್ಲ. ಸೀನುವುದು, ಭೇದಿಯಾಗುವುದು ಮಾತ್ರ ಸೌದೆ ಕೊಟ್ಟಿಗೆಗೇ ಹೋಗಬೇಕು.